ಆಕಳ ಲೆಕ್ಕದಲ್ಲಿ ಕುದುರೆ ಸಾಕಲು ಬರುವುದಿಲ್ಲ

ಕುದುರೆ ಸಾಕಿದರೆ ಕೇಂದ್ರ ಸರ್ಕಾರ 50 ಲಕ್ಷ ರೂಪಾಯಿ ಸಬ್ಸಿಡಿ ಕೊಡುತ್ತದೆ ಎಂಬ ಮೆಸೇಜು ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮ ಭೀಮಾ ತೀರದ ಹಳ್ಳಿಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಅದು ಆಗಾಗ ಸುತ್ತುತ್ತಲೇ ಇರುತ್ತದೆ. ಡಿಗ್ರಿ ಮುಗಿಸಿ ಊರಲ್ಲೇ ಉಳಿದ ಹುಡುಗರು ಫೋನ್ ಮಾಡಿ, "ಅಣ್ಣಾ, ಇದು ಖರೇ ಏನ್ರೀ? ಅರ್ಜಿ ಎಲ್ಲಿ ಹಾಕಬೇಕು?" ಎಂದು ಕೇಳುತ್ತಾರೆ.

ಮೆಸೇಜು ಪೂರ್ತಿ ಸುಳ್ಳಲ್ಲ. ರಾಷ್ಟ್ರೀಯ ಜಾನುವಾರು ಮಿಷನ್‌ಗೆ ಕುದುರೆ, ಕತ್ತೆ, ಹೇಸರಗತ್ತೆ ಮತ್ತು ಒಂಟೆಗಳನ್ನು ಸೇರಿಸಲು ಕೇಂದ್ರ ಸಂಪುಟ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಒಬ್ಬ ರೈತ, ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿ, ಯಾರು ಬೇಕಾದರೂ ಅರ್ಜಿ ಹಾಕಬಹುದು. ಬಂಡವಾಳ ವೆಚ್ಚದ ಶೇ 50ರಷ್ಟು ಸಬ್ಸಿಡಿ, ಅದೂ ಹೆಚ್ಚೆಂದರೆ 50 ಲಕ್ಷ. ಮೆಸೇಜಿನಲ್ಲಿ ಬಿಟ್ಟುಹೋಗಿರುವುದು ಇನ್ನರ್ಧದ ಮಾತು. 50 ಲಕ್ಷ ಸಬ್ಸಿಡಿ ಬೇಕೆಂದರೆ ಒಂದು ಕೋಟಿಯ ಯೋಜನೆ ಹಾಕಬೇಕು. ಉಳಿದ 50 ಲಕ್ಷ ನಿಮ್ಮದು, ಇಲ್ಲವೇ ಬ್ಯಾಂಕಿನ ಸಾಲ.

ನನ್ನ ತಕರಾರು ಸಬ್ಸಿಡಿಯ ಮೇಲಲ್ಲ. ಕುದುರೆ ಸಾಕುವವರಿಗೆ ಸರ್ಕಾರ ಕೈಹಿಡಿಯಲಿ ಎಂದೇ ನಾನೂ ಹೇಳುವವನು. ಆದರೆ ಈ ಯೋಜನೆ, ನಮ್ಮ ಪಶು ಆಸ್ಪತ್ರೆ, ನಮ್ಮ ವಿಮೆ, ನಮ್ಮ ಪರಿಹಾರ, ಇವೆಲ್ಲ ಆಕಳು-ಎಮ್ಮೆಯ ಲೆಕ್ಕದಲ್ಲಿ ಕಟ್ಟಿದವು. ಆ ಲೆಕ್ಕವನ್ನೇ ಕುದುರೆಗೆ ಹಚ್ಚಿದರೆ ಮೊದಲು ಮುಳುಗುವುದು ಎರಡು-ಮೂರು ಕುದುರೆ ಇಟ್ಟ ಸಣ್ಣ ಮನುಷ್ಯ. ಶೆಡ್ಡಿಗೆ ದುಡ್ಡು ಕೊಡುವ ಮೊದಲು ಕುದುರೆ ತಿಳಿದ ಡಾಕ್ಟರು, ಒಳ್ಳೆಯ ಬೀಜದ ಕುದುರೆ, ರೋಗಕ್ಕೆ ತಕ್ಕ ಪರಿಹಾರ, ಈ ಮೂರನ್ನು ಕೊಡಿ ಎಂಬುದು ನನ್ನ ವಾದ.

ಹಾಲಿಲ್ಲದ ಪ್ರಾಣಿಯ ಖರ್ಚು

ನಮ್ಮ ಜಿಲ್ಲೆಯಲ್ಲಿ ಮೂರು ಹೆಣ್ಣು ಕುದುರೆ ಇಟ್ಟು ಮರಿ ಮಾಡಿಸುವ ರೈತರೊಬ್ಬರಿದ್ದಾರೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಗಾಗಿ ಕಾಕಾ ಎಂದೇ ಬರೆಯುತ್ತೇನೆ. ಅವರ ತಂದೆಗೆ ಟಾಂಗಾ ಇತ್ತು. ಕಾಕಾ 2018ರಲ್ಲಿ ನಾಂದೇಡ ಜಿಲ್ಲೆಯ ಮಾಳೆಗಾಂವ್ ಖಂಡೋಬಾ ಜಾತ್ರೆಯಿಂದ ಎರಡು ಹೆಣ್ಣು ಕುದುರೆ ತಂದು ಶುರು ಮಾಡಿದರು. ಅವರು ಹೇಳಿದ ಒಂದು ಮಾತಿನಲ್ಲಿ ಇಡೀ ಕಥೆ ಇದೆ: "ನೋಡೋ ತಮ್ಮಾ, ಆಕಳಾ ಇದ್ರ ದಿನಾ ಹಾಲ ಕೊಡ್ತದ. ಕುದರಿ ದಿನಾ ಬರೇ ಲೆಕ್ಕಾ ಕೇಳ್ತದ."

ಆ ಲೆಕ್ಕ ಹಾಕಿ ನೋಡೋಣ. ಆಕಳು ಒಂಬತ್ತು ತಿಂಗಳ ಮೇಲೆ ಒಂದಿಷ್ಟು ದಿನಕ್ಕೆ ಈಯುತ್ತದೆ, ಮರುವಾರದಿಂದಲೇ ಡೇರಿಗೆ ಹಾಲು ಹೋಗುತ್ತದೆ. ಕುದುರೆಯ ಗಬ್ಬ ಸುಮಾರು 11 ತಿಂಗಳು, ದಿನದಲ್ಲಿ ಹೇಳುವುದಾದರೆ 340ರ ಆಸುಪಾಸು. ಹುಟ್ಟುವುದು ಒಂದೇ ಮರಿ. ಅವಳಿ ನಿಂತರೆ ಖುಷಿಪಡುವಂತಿಲ್ಲ, ಕುದುರೆಯಲ್ಲಿ ಅವಳಿ ಗಬ್ಬ ಬಹುಪಾಲು ಕಂದು ಹಾಕುವುದರಲ್ಲೇ ಮುಗಿಯುತ್ತದೆ. ಮರಿ ಆರು ತಿಂಗಳು ತಾಯಿ ಹಾಲು ಕುಡಿಯಬೇಕು. ಸವಾರಿಗೋ ಗಾಡಿಗೋ ಬರುವಷ್ಟು ಬಲಿತು, ಕಲಿತು, ಒಳ್ಳೆಯ ರೇಟಿಗೆ ಹೋಗಬೇಕೆಂದರೆ ಎರಡೂವರೆ, ಮೂರು ವರ್ಷ ಬೇಕು.

ಒಂದು ಹೆಣ್ಣು ಕುದುರೆಗೆ ಮೇವು, ಕಡಲೆ, ಹುರುಳಿ, ಬೂಸಾ ಎಲ್ಲ ಸೇರಿ ದಿನಕ್ಕೆ 200 ರೂಪಾಯಿ ಹಿಡಿಯಿರಿ. ವರ್ಷಕ್ಕೆ 73,000. ಮೂರು ಕುದುರೆಗೆ 2,19,000. ಮೂರರಲ್ಲಿ ಎರಡು ಮರಿ ಹಾಕಿ, ಎರಡೂ ಬದುಕಿದರೆ ಒಂದೊಂದು ಮರಿಯ ಮೇಲೆ ತಾಯಂದಿರ ಖರ್ಚೇ 1,09,500 ಬಿತ್ತು. ಹಾಲು ಬಿಡಿಸಿದ ಮೇಲೆ ಎರಡು ವರ್ಷ ಮರಿಯನ್ನು ದಿನಕ್ಕೆ 150 ರೂಪಾಯಿಯಂತೆ ಸಾಕಿದರೆ ಇನ್ನೊಂದು 1,09,500. ಅಲ್ಲಿಗೆ ಒಂದು ಕುದುರೆ ಮಾರಾಟಕ್ಕೆ ಬರುವ ಹೊತ್ತಿಗೆ 2,19,000 ರೂಪಾಯಿ ತಿಂದಿರುತ್ತದೆ. ಆ ವರ್ಷ ಒಂದೇ ಮರಿ ಉಳಿದರೆ ಅದರ ಲೆಕ್ಕ 3,28,500ಕ್ಕೆ ಹೋಗುತ್ತದೆ. ಡಾಕ್ಟರು, ಔಷಧ, ಲಾಳ, ಬೀಜದ ಕುದುರೆಯ ಹಣ, ಸಾಲದ ಬಡ್ಡಿ ಇದರಲ್ಲಿಲ್ಲ. ನಿಮ್ಮ ಕೂಲಿಯೂ ಇಲ್ಲ.

ಈ ಅಂಕಿಗಳನ್ನು ನಿಮ್ಮ ಊರಿನ ರೇಟು ಹಾಕಿ ಬದಲಿಸಿಕೊಳ್ಳಿ. ಆದರೆ ಒಂದು ಬದಲಾಗುವುದಿಲ್ಲ: ಮೊದಲ ರೂಪಾಯಿ ಕೈಗೆ ಬರಲು ಮೂರರಿಂದ ನಾಲ್ಕು ವರ್ಷ ಬೇಕು. ಬ್ಯಾಂಕಿನ ಕಂತು ಅಷ್ಟು ದಿನ ಕಾಯುವುದಿಲ್ಲ. ಹೊಲವೋ, ಹೈನೋ, ಬೇರೆ ಆದಾಯ ಇಲ್ಲದವರು ಕುದುರೆಯನ್ನೇ ನಂಬಿ ಕೂರಬಾರದು.

ಗಬ್ಬ ಕಟ್ಟಿಸುವುದೇ ಮೊದಲ ಯುದ್ಧ

ಆಕಳು ಬೆದೆಗೆ ಬಂದರೆ ಪಶು ಆಸ್ಪತ್ರೆಗೆ ಫೋನ್ ಮಾಡುತ್ತೀರಿ. ಕೃತಕ ಗರ್ಭಧಾರಣೆಯವರು ಬೈಕಿನಲ್ಲಿ ಬಂದು ಕೆಲಸ ಮುಗಿಸುತ್ತಾರೆ. ಯಾವ ತಳಿಯ ವೀರ್ಯ ಎಂದು ಕೇಳಿ ಆರಿಸಿಕೊಳ್ಳಬಹುದು. ಕುದುರೆಗೆ ನಮ್ಮ ಹಳ್ಳಿಗಳಲ್ಲಿ ಈ ಅನುಕೂಲ ಇಲ್ಲ. ಹಾಗೆಂದು ವಿಜ್ಞಾನ ಇಲ್ಲ ಎನ್ನುವಂತಿಲ್ಲ. ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ಇದೆ. ಅದರ ಬಿಕಾನೇರ್ ಘಟಕದಲ್ಲಿ 2023ರಲ್ಲಿ ಭ್ರೂಣ ವರ್ಗಾವಣೆಯಿಂದ ಮಾರ್ವಾಡಿ ಕುದುರೆಯ ಮರಿಯನ್ನೇ ಹುಟ್ಟಿಸಿದ್ದಾರೆ. ಆ ವಿದ್ಯೆ ಅಲ್ಲಿಂದ ಭೀಮಾ ತೀರಕ್ಕೆ ಬಂದಿಲ್ಲ, ಅಷ್ಟೆ.

ಹಾಗಾಗಿ ಕಾಕಾ ಬೀಜದ ಕುದುರೆ ಹುಡುಕಿಕೊಂಡು ಪಕ್ಕದ ತಾಲ್ಲೂಕಿಗೆ, ಕೆಲವೊಮ್ಮೆ ಸೋಲಾಪುರದ ಕಡೆಗೆ ಹೋಗುತ್ತಾರೆ. ಹೆಣ್ಣು ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಐದರಿಂದ ಏಳು ದಿನ ಇರುತ್ತದೆ. ಅಂಡಾಣು ಬಿಡುಗಡೆ ಆಗುವುದು ಬೆದೆಯ ಕೊನೆಯ ಒಂದೆರಡು ದಿನಗಳಲ್ಲಿ. ಬೆದೆ ಕಂಡ ಮೊದಲ ದಿನವೇ ಒಮ್ಮೆ ಕೂಡಿಸಿ ವಾಪಸ್ ಕರೆತಂದರೆ ಗಬ್ಬ ನಿಲ್ಲದೇ ಹೋಗುವುದೇ ಹೆಚ್ಚು. ದಿನ ಬಿಟ್ಟು ದಿನ ಕೂಡಿಸಬೇಕು. ಅಂದರೆ ಟೆಂಪೊ ಬಾಡಿಗೆ ಕೊಟ್ಟು ಒಯ್ದು, ಅಲ್ಲೇ ನಾಲ್ಕಾರು ದಿನ ಇರಿಸಬೇಕು. ಬೀಜದ ಕುದುರೆಯವರು ಕೇಳಿದಷ್ಟು ಕೊಡಬೇಕು. ಗಬ್ಬ ನಿಂತಿದೆಯೇ ಎಂದು ಸ್ಕ್ಯಾನ್ ಮಾಡಿ ಎರಡು ವಾರದಲ್ಲೇ ಹೇಳಬಹುದು, ಅವಳಿ ಇದ್ದರೂ ಆಗಲೇ ಗೊತ್ತಾಗುತ್ತದೆ. ಆದರೆ ಸ್ಕ್ಯಾನಿಂಗ್ ಯಂತ್ರ ಮತ್ತು ಕುದುರೆಗೆ ಅದನ್ನು ಬಳಸಿ ಅಭ್ಯಾಸ ಇರುವ ಡಾಕ್ಟರು, ಎರಡೂ ಒಂದೇ ಕಡೆ ಸಿಗುವುದು ನಮ್ಮಲ್ಲಿ ಅಪರೂಪ.

ಕಾಕಾ ಒಂದು ವರ್ಷ ದೂರ ಹೋಗಲಾರದೆ, ಹತ್ತಿರ ಸಿಕ್ಕ ಗಂಡು ಕುದುರೆಗೇ ಕೂಡಿಸಿದರು. ಹುಟ್ಟಿದ ಮರಿಯ ಮುಂಗಾಲು ಸೊಟ್ಟ. ಎರಡು ವರ್ಷ ಸಾಕಿ ಸಿಕ್ಕಷ್ಟಕ್ಕೆ ಕೊಟ್ಟರು. ಒಳ್ಳೆಯ ಮರಿ ತಿನ್ನುವಷ್ಟೇ ಕೆಟ್ಟ ಮರಿಯೂ ತಿನ್ನುತ್ತದೆ. ಸಾಕುವ ಖರ್ಚಿನಲ್ಲಿ ಒಂದು ಪೈಸೆ ಉಳಿಯುವುದಿಲ್ಲ, ಮಾರುವ ರೇಟಿನಲ್ಲಿ ಮಾತ್ರ ಅರ್ಧಕ್ಕರ್ಧ ಹೋಗುತ್ತದೆ.

ನಾಳೆ ನೋಡಿದರಾಯ್ತು ಎನ್ನುವಂತಿಲ್ಲ

ಕುದುರೆ ಮರಿ ಹಾಕುವುದು ಹೆಚ್ಚಾಗಿ ರಾತ್ರಿ ಹೊತ್ತು. ನೀರು ಒಡೆದ ಮೇಲೆ 20ರಿಂದ 30 ನಿಮಿಷದಲ್ಲಿ ಮರಿ ಹೊರಗೆ ಬರಬೇಕು. ಅದಕ್ಕಿಂತ ತಡವಾದರೆ ಮರಿಯ ಜೀವಕ್ಕೆ ಅಪಾಯ. ಆಕಳಿನಲ್ಲಿ ಇದೇ ಕೆಲಸ ಗಂಟೆಗಟ್ಟಲೆ ನಡೆದರೂ ಕರು ಬದುಕುವುದುಂಟು.

ಕುದುರೆ ಸಾಕುವವರು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕಾದ ಲೆಕ್ಕ ಒಂದಿದೆ. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಅದು ಆಗಿಂದಾಗ್ಗೆ ಡಾಕ್ಟರನ್ನು ಕರೆಯುವ ಸಮಯ.

ಕಾಕಾ ಅವರ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಅವರ ಒಳ್ಳೆಯ ಹೆಣ್ಣು ಕುದುರೆ ಒಂದು ರಾತ್ರಿ ಮರಿ ಹಾಕಿತು. ಮರಿ ಚೆನ್ನಾಗಿತ್ತು. ಮಾಸು ಬೀಳಲಿಲ್ಲ. ಮನೆಯಲ್ಲಿ ಮೊದಲಿನಿಂದ ದನ ಸಾಕಿದವರು. ಆಕಳಿಗೆ ಹೀಗಾದರೆ ಮರುದಿನದವರೆಗೆ ಕಾಯುವುದು ವಾಡಿಕೆ. ಅದೇ ರೂಢಿಯಲ್ಲಿ ಬೆಳಗಿನ ತನಕ ಬಿಟ್ಟರು. ಬೆಳಿಗ್ಗೆ ಫೋನ್ ಮಾಡಿದರೆ ಡಾಕ್ಟರು ಬೇರೆ ಊರಿನ ಲಸಿಕೆ ಕ್ಯಾಂಪಿನಲ್ಲಿದ್ದರು. ಬಂದಾಗ ಮಧ್ಯಾಹ್ನ. ಅವರೂ ಪ್ರಾಮಾಣಿಕವಾಗಿ ಹೇಳಿದರಂತೆ: "ಕುದುರೆ ಕೇಸು ನಾನು ಹೆಚ್ಚು ನೋಡಿಲ್ಲ." ಸೋಂಕು ಮೈಗೇರಿತ್ತು. ಮಾಸು ಉಳಿದ ಕುದುರೆಗೆ ಆ ವಿಷ ಗೊರಸಿಗೆ ಇಳಿಯುತ್ತದೆ, ಗೊರಸಿನೊಳಗಿನ ಭಾಗ ಉರಿತ ಬಂದು ಕಾಲೂರಲು ಆಗುವುದಿಲ್ಲ. ಕುದುರೆ ಬದುಕಿತು. ಆದರೆ ಮತ್ತೆ ಸರಿಯಾಗಿ ನಡೆಯಲಿಲ್ಲ.

ಇದರಲ್ಲಿ ಕಾಕಾ ಅವರನ್ನು ದೂರುವುದು ಸುಲಭ, ಡಾಕ್ಟರನ್ನು ದೂರುವುದೂ ಸುಲಭ. ನನಗೆ ಇಬ್ಬರೂ ತಪ್ಪಿತಸ್ಥರು ಅನಿಸುವುದಿಲ್ಲ. ಒಬ್ಬ ತಾಲ್ಲೂಕು ಪಶುವೈದ್ಯರು ಸಾವಿರಾರು ದನ, ಎಮ್ಮೆ, ಕುರಿ, ಮೇಕೆ ನೋಡಬೇಕು. ಅವರ ಕೈಗೆ ವರ್ಷಕ್ಕೆ ಬರುವ ಕುದುರೆ ಬೆರಳೆಣಿಕೆ. ಕೈ ಹಾಕಿ ಗಬ್ಬ ನೋಡುವ ಕೆಲಸವೇ ಕುದುರೆಯಲ್ಲಿ ಹೆಚ್ಚು ಅಪಾಯದ್ದು, ಕರುಳು ಹರಿದರೆ ಪ್ರಾಣಿ ಸಾಯುತ್ತದೆ. ಅಭ್ಯಾಸ ಇಲ್ಲದವರು ಹಿಂಜರಿಯುವುದು ಸಹಜ. 1962ಕ್ಕೆ ಕರೆ ಮಾಡಿದರೆ ಪಶು ಆಂಬುಲೆನ್ಸ್ ಬರುವ ವ್ಯವಸ್ಥೆ ಈಗ ಇದೆ, ಅದು ಒಳ್ಳೆಯದೇ. ಆದರೆ ಗಾಡಿ ಬಂದರೆ ಸಾಲದು, ಗಾಡಿಯಲ್ಲಿ ಇರುವವರಿಗೆ ಕುದುರೆ ಗೊತ್ತಿರಬೇಕು.

ದನಕ್ಕೆ ಅಮೃತ, ಕುದುರೆಗೆ ವಿಷ

ಮೇವಿನಲ್ಲೂ ಇದೇ ಕಥೆ. ಆಕಳು ಮೆಲುಕು ಹಾಕುವ ಪ್ರಾಣಿ, ಹೊಟ್ಟೆಯಲ್ಲಿ ನಾಲ್ಕು ಕೋಣೆ. ಕುದುರೆಗೆ ಒಂದೇ ಸಣ್ಣ ಹೊಟ್ಟೆ. ಅದು ವಾಂತಿ ಮಾಡಲಾರದು, ಒಳಗೆ ಹೋದದ್ದು ಹಿಂದೆ ಬರುವುದಿಲ್ಲ. ಹೊಟ್ಟೆ ಉಬ್ಬಿದರೆ, ಕರುಳು ತಿರುಚಿದರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ನೆಲಕ್ಕೆ ಉರುಳಾಡುವುದು, ಪಕ್ಕೆ ತಿರುಗಿ ನೋಡುವುದು, ಲದ್ದಿ ಹಾಕದಿರುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬಾರದು.

ಬೂಸ್ಟು ಹಿಡಿದ ಗೋವಿನಜೋಳವನ್ನು ಎಷ್ಟೋ ಮನೆಗಳಲ್ಲಿ ದನಕ್ಕೆ ಹಾಕಿ ಮುಗಿಸುತ್ತಾರೆ. ದನಕ್ಕೂ ಅದು ಒಳ್ಳೆಯದಲ್ಲ, ಆದರೆ ಕುದುರೆಗೆ ಆ ಬೂಸ್ಟಿನ ವಿಷ ಮಿದುಳನ್ನೇ ಕೆಡಿಸುತ್ತದೆ. ಇನ್ನೊಂದು ಮಾತು ಎಲ್ಲ ಕುದುರೆ ಸಾಕುವವರೂ ತಿಳಿದಿರಬೇಕು. ಕೋಳಿ ಫೀಡಿನಲ್ಲಿ ಮತ್ತು ದನದ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಕೋಳಿಗೆ, ದನಕ್ಕೆ ಅದು ಒಳ್ಳೆಯದು ಮಾಡುತ್ತದೆ. ಕುದುರೆ ಅದನ್ನು ಸ್ವಲ್ಪ ತಿಂದರೂ ಹೃದಯದ ಸ್ನಾಯು ಹಾಳಾಗಿ ಸಾಯಬಹುದು. ಅಗ್ಗಕ್ಕೆ ಸಿಕ್ಕಿತು ಎಂದು ಕೋಳಿ ಫಾರ್ಮಿನಲ್ಲಿ ಉಳಿದ ಫೀಡು ತಂದು ಕುದುರೆಗೆ ಹಾಕಬೇಡಿ. ಚೀಲದ ಮೇಲೆ ಏನು ಬರೆದಿದೆ ಎಂದು ಓದಿ, ಗೊತ್ತಾಗದಿದ್ದರೆ ಕೇಳಿ.

ಧನುರ್ವಾಯು ಕೂಡ ಕುದುರೆಗೆ ಬಹಳ ಬೇಗ ತಗಲುತ್ತದೆ. ಒಂದು ಮೊಳೆ ಚುಚ್ಚಿದ ಗಾಯ ಸಾಕು. ಇದಕ್ಕೆ ಕಡಿಮೆ ಖರ್ಚಿನ ಲಸಿಕೆ ಇದೆ, ತಪ್ಪಿಸಬೇಡಿ.

ಪರಿಹಾರ ಇಷ್ಟು ಕಡಿಮೆ ಆದರೆ ಯಾರು ಮುಂದೆ ಬರುತ್ತಾರೆ?

ಸಣ್ಣ ಕುದುರೆ ಸಾಕಣೆದಾರರು ಬಾಯಿಬಿಟ್ಟು ಮಾತಾಡದ ವಿಷಯ ಒಂದಿದೆ: ಗ್ಲಾಂಡರ್ಸ್. ಕುದುರೆ, ಕತ್ತೆ, ಹೇಸರಗತ್ತೆಗೆ ಬರುವ ಬ್ಯಾಕ್ಟೀರಿಯಾ ರೋಗ. ಜ್ವರ, ಮೂಗಿನಿಂದ ಗಟ್ಟಿ ಸಿಂಬಳ, ಕೆಮ್ಮು, ಚರ್ಮದ ಮೇಲೆ ಸಾಲಾಗಿ ಗಂಟುಗಳೆದ್ದು ಒಡೆಯುವುದು ಇದರ ಲಕ್ಷಣ. ಮನುಷ್ಯರಿಗೂ ಅಂಟುತ್ತದೆ. ಲಸಿಕೆ ಇಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆಯ ಪ್ರಕಾರ ರೋಗದ ಅನುಮಾನ ಬಂದರೆ ತಿಳಿಸಲೇಬೇಕು. ರಕ್ತ ಪರೀಕ್ಷೆಯಲ್ಲಿ ಖಚಿತವಾದರೆ ಚಿಕಿತ್ಸೆ ಇಲ್ಲ, ಕುದುರೆಗೆ ದಯಾಮರಣ. ಸುತ್ತಲಿನ ಪ್ರದೇಶದಲ್ಲಿ ಕುದುರೆಗಳ ಓಡಾಟವೂ ನಿಲ್ಲುತ್ತದೆ.

ಈ ನಿಯಮ ಸರಿಯಾಗಿದೆ. ಮನುಷ್ಯರ ಜೀವದ ಪ್ರಶ್ನೆ ಇರುವಾಗ ಬೇರೆ ದಾರಿ ಇಲ್ಲ. ತಪ್ಪಿರುವುದು ಪರಿಹಾರದಲ್ಲಿ. ಒಂದು ಕುದುರೆಗೆ ಕೊಡುವ ಪರಿಹಾರ 25,000 ರೂಪಾಯಿ. ಮೇಲೆ ಹಾಕಿದ ಲೆಕ್ಕ ನೆನಪಿಸಿಕೊಳ್ಳಿ. 2 ಲಕ್ಷಕ್ಕೂ ಹೆಚ್ಚು ತಿಂದು ಬೆಳೆದ ಪ್ರಾಣಿಗೆ 25,000. ದುಡಿದು ಮನೆ ನಡೆಸುತ್ತಿದ್ದ ಕುದುರೆಯಾದರೆ ಆ ಮನೆಯ ಅನ್ನವೇ ಹೋಯಿತು.

ಹೀಗಿರುವಾಗ ಮೂಗು ಸೋರುವ ಕುದುರೆ ಇದ್ದವನು ಡಾಕ್ಟರ ಹತ್ತಿರ ಬರುತ್ತಾನೋ, ರಾತ್ರೋರಾತ್ರಿ ಬೇರೆ ಜಾತ್ರೆಗೆ ಒಯ್ದು ಮಾರುತ್ತಾನೋ? ಕಡಿಮೆ ಪರಿಹಾರದಿಂದ ಸರ್ಕಾರ ಉಳಿಸುವ ದುಡ್ಡು ರೋಗ ಹರಡುವುದರಲ್ಲಿ ಹತ್ತು ಪಟ್ಟು ಹೋಗುತ್ತದೆ. ಕುದುರೆಯ ವಯಸ್ಸು, ಕೆಲಸ, ಮಾರುಕಟ್ಟೆ ಬೆಲೆ ನೋಡಿ ಪರಿಹಾರ ಕೊಟ್ಟರೆ ಜನ ತಾವಾಗಿಯೇ ಮುಂದೆ ಬಂದು ರಕ್ತ ಪರೀಕ್ಷೆ ಮಾಡಿಸುತ್ತಾರೆ.

ವಿಮೆಯ ವಿಷಯದಲ್ಲಿ 2024ರ ಅದೇ ಸಂಪುಟ ನಿರ್ಧಾರ ಒಂದು ಒಳ್ಳೆಯ ಕೆಲಸ ಮಾಡಿದೆ. ಜಾನುವಾರು ವಿಮೆಯ ಕಂತಿನಲ್ಲಿ ಸಾಕುವವರ ಪಾಲನ್ನು ಶೇ 15ಕ್ಕೆ ಇಳಿಸಿದೆ, ಉಳಿದದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರದ್ದು. ಆದರೆ ಹಳ್ಳಿಯಲ್ಲಿ ಆಕಳಿನ ಕಿವಿಗೆ ಓಲೆ ಹಾಕಿ ವಿಮೆ ಮಾಡುವಷ್ಟು ಸಲೀಸಾಗಿ ಕುದುರೆಗೆ ಮಾಡಿಸಿದವರನ್ನು ನಾನು ಕಂಡಿಲ್ಲ. ಪಶುಪಾಲನಾ ಇಲಾಖೆ ಇದನ್ನೊಂದು ಅಭಿಯಾನವಾಗಿ ಮಾಡಲಿ.

ಕೊಳ್ಳುವವರು ಯಾರು?

ಮೆಸೇಜು ಕಳಿಸುವವರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳು 3.4 ಲಕ್ಷ. 2012ರಲ್ಲಿ ಆರು ಲಕ್ಷಕ್ಕಿಂತ ಹೆಚ್ಚಿದ್ದವು. ಏಳು ವರ್ಷದಲ್ಲಿ ಶೇ 45ಕ್ಕಿಂತ ಹೆಚ್ಚು ಇಳಿಕೆ. ಆಟೋ ಬಂದ ಮೇಲೆ ಟಾಂಗಾ ಹೋಯಿತು, ಗೂಡ್ಸ್ ಗಾಡಿ ಬಂದ ಮೇಲೆ ಹೇರು ಹೊರುವ ಕುದುರೆ ಹೋಯಿತು.

ಈಗ ಉಳಿದಿರುವ ಗಿರಾಕಿಗಳು ಮದುವೆ ಮೆರವಣಿಗೆಯವರು, ಪ್ರವಾಸಿ ಸ್ಥಳದ ಸವಾರಿಯವರು, ಸವಾರಿ ಕಲಿಸುವ ಶಾಲೆಗಳು, ಶೋಕಿಗೆ ಸಾಕುವವರು, ನಮ್ಮ ಉತ್ತರ ಕರ್ನಾಟಕದಲ್ಲಿ ಜಾತ್ರೆಯ ಕುದುರೆ ಗಾಡಿ ಶರ್ಯತ್ತಿನವರು. ಇದರಲ್ಲಿ ಯಾವುದೂ ಗಟ್ಟಿ ನೆಲ ಅಲ್ಲ. 2020ರ ಲಾಕ್‌ಡೌನಿನಲ್ಲಿ ಮದುವೆ, ಜಾತ್ರೆ, ಪ್ರವಾಸ ಮೂರೂ ಒಟ್ಟಿಗೆ ನಿಂತವು. ಕಾಕಾ ಎರಡು ಎಳೆ ಕುದುರೆಗಳನ್ನು ಮೇವಿನ ಖರ್ಚೂ ಹುಟ್ಟದ ರೇಟಿಗೆ ಕೊಟ್ಟದ್ದು ಆಗಲೇ. ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು ಬಾಂಬೆ ಹೈಕೋರ್ಟ್ 2015ರಲ್ಲಿ ಅಕ್ರಮ ಎಂದು ಹೇಳಿ ನಿಲ್ಲಿಸಲು ಸೂಚಿಸಿತು. ಶರ್ಯತ್ತಿನ ವಿಷಯದಲ್ಲಿ ಕರ್ನಾಟಕದ 2017ರ ತಿದ್ದುಪಡಿ ಇರುವುದು ಕಂಬಳಕ್ಕೆ, ಎತ್ತಿನ ಓಟಕ್ಕೆ, ಎತ್ತಿನ ಗಾಡಿ ಓಟಕ್ಕೆ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಕುದುರೆ ಗಾಡಿಯ ಹೆಸರು ಅದರಲ್ಲಿಲ್ಲ. ಶರ್ಯತ್ತನ್ನೇ ನಂಬಿ ಕುದುರೆ ಬೆಳೆಸುವವರು ಇದನ್ನು ನೆನಪಿಡಬೇಕು.

ರೇಸ್ ಕುದುರೆಯ ಲೋಕ ಬೇರೆಯೇ. ಅಲ್ಲಿ ಪುಣೆಯ ಸ್ಟಡ್ ಬುಕ್‌ನಲ್ಲಿ ನೋಂದಣಿಯಾದ ಥರೋಬ್ರೆಡ್ ತಳಿಗೆ ಮಾತ್ರ ಜಾಗ. ಕೃತಕ ಗರ್ಭಧಾರಣೆಗೆ ಅವಕಾಶ ಇಲ್ಲ, ಹೆಸರಾಂತ ಗಂಡು ಕುದುರೆಗೇ ಒಯ್ಯಬೇಕು. ಮರಿ ಯಾವ ತಿಂಗಳಲ್ಲಿ ಹುಟ್ಟಿದರೂ ವಯಸ್ಸು ಜನವರಿ 1ರಿಂದ ಲೆಕ್ಕ, ತಡವಾಗಿ ಹುಟ್ಟಿದ ಮರಿ ಹಿಂದೆ ಬಿದ್ದಂತೆಯೇ. ನಮ್ಮ ರಾಜ್ಯದ ಕುಣಿಗಲ್ ಸ್ಟಡ್ ಫಾರ್ಮ್ ಹೈದರ್, ಟಿಪ್ಪು ಕಾಲದಿಂದ ಹೆಸರು ಮಾಡಿದ್ದು, 400 ಎಕರೆಗೂ ಹೆಚ್ಚಿನ ಜಾಗ. 1992ರಿಂದ ಖಾಸಗಿಯವರಿಗೆ ಲೀಸಿಗೆ ಹೋಗಿತ್ತು. ಅಂಥ ಜಾಗದಲ್ಲೇ ಕುದುರೆ ಬೇಕೋ ಟೌನ್‌ಶಿಪ್ ಬೇಕೋ ಎಂಬ ಚರ್ಚೆ ಇತ್ತೀಚೆಗೆ ಎದ್ದಿತ್ತು. ಎರಡು ಎಕರೆಯ ರೈತ ಆ ಆಟಕ್ಕೆ ಇಳಿಯುವ ಮಾತೇ ಬೇಡ.

ಇಲ್ಲಿ ಇನ್ನೊಂದು ಎಚ್ಚರಿಕೆ. "ನೀವು ಸಾಕಿ, ನಾವು ಕೊಳ್ಳುತ್ತೇವೆ" ಎನ್ನುವವರನ್ನು ನಂಬುವ ಮೊದಲು ಹೊಸಪೇಟೆಯ ಕತ್ತೆ ಹಾಲಿನ ಪ್ರಕರಣ ನೆನಪಿಸಿಕೊಳ್ಳಿ. 2024ರಲ್ಲಿ ಹಾಲನ್ನು ಲೀಟರಿಗೆ ಸಾವಿರಾರು ರೂಪಾಯಿಗೆ ಕೊಳ್ಳುತ್ತೇವೆ ಎಂದು ರೈತರಿಂದ ಲಕ್ಷಗಟ್ಟಲೆ ಕಟ್ಟಿಸಿಕೊಂಡು ಕತ್ತೆ ಮಾರಿದ್ದರು. ಕೊನೆಗೆ ರೈತರು ಪೊಲೀಸ್ ಠಾಣೆ ಅಲೆಯಬೇಕಾಯಿತು. ಅದಕ್ಕೂ ಮೊದಲು ಎಮು ಪಕ್ಷಿಯ ಕಥೆಯೂ ಇದೇ. ಪ್ರಾಣಿ ಮಾರುವವನೇ ಮಾರುಕಟ್ಟೆಯ ಭರವಸೆಯನ್ನೂ ಕೊಡುತ್ತಿದ್ದರೆ ಎರಡು ಸಲ ಯೋಚಿಸಿ.

ಹಾಗಾದರೆ ಬಿಟ್ಟುಬಿಡಬೇಕೇ?

ಇಷ್ಟು ಕಷ್ಟ ಇದ್ದರೆ ಸಣ್ಣವರಿಗೇಕೆ ಕುದುರೆ, ದೊಡ್ಡ ಫಾರ್ಮುಗಳು ಸಾಕಲಿ ಎಂದು ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ.

ನಮ್ಮ ಕಡೆ ಕುರಿಗಾರರು ಹಟ್ಟಿ ಬದಲಿಸುವಾಗ ಪಾತ್ರೆ, ಹಾಸಿಗೆ, ಎಳೆ ಮರಿಗಳನ್ನು ಹೇರಿಕೊಂಡು ನಡೆಯುವ ಗಿಡ್ಡ ಕುದುರೆಗಳನ್ನು ನೀವು ನೋಡಿರುತ್ತೀರಿ. ಕಲ್ಲು ನೆಲ, ಬಿಸಿಲು, ಒಣ ಹುಲ್ಲು, ಎಲ್ಲಕ್ಕೂ ಒಗ್ಗಿದ ಪ್ರಾಣಿ. ಭೀಮಾ ಕಣಿವೆಯ ಇಂಥ ದಖ್ಖನಿ ಕುದುರೆಗಳ ಮೇಲೆಯೇ ಒಂದು ಕಾಲದಲ್ಲಿ ಮರಾಠಾ ಸೈನ್ಯ ಓಡಾಡಿತು. ಮಹಾರಾಷ್ಟ್ರದಲ್ಲಿ ಧನಗರರ ಬಳಿ ಉಳಿದ ಈ ಕುದುರೆಯನ್ನು 'ಭೀಮಥಡಿ' ಎಂಬ ಹೆಸರಿನಲ್ಲಿ ದೇಶದ ಎಂಟನೇ ಕುದುರೆ ತಳಿಯಾಗಿ ನೋಂದಾಯಿಸಲಾಗಿದೆ. ಮಾರ್ವಾಡಿ, ಕಾಠಿಯಾವಾಡಿ, ಮಣಿಪುರಿ, ಸ್ಪಿತಿ ಇವುಗಳ ಸಾಲಿನಲ್ಲಿ ಅದೂ ಈಗ ಕೂತಿದೆ.

ನೋಂದಣಿಯಲ್ಲಿರುವ ಊರು ಮಹಾರಾಷ್ಟ್ರ. ಆದರೆ ಭೀಮಾ ನದಿ ಅಲ್ಲೇ ನಿಲ್ಲುವುದಿಲ್ಲ. ಪಂಢರಪುರ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿಯಲ್ಲಿ ಹರಿದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಈ ದಡದ ಕುರುಬರ ಹಟ್ಟಿಗಳಲ್ಲಿರುವ ಕುದುರೆಗಳು ಅದೇ ತಳಿಯೇ, ಬೆರಕೆಯೇ, ಎಷ್ಟಿವೆ, ಇದನ್ನು ನಮ್ಮ ರಾಜ್ಯ ಲೆಕ್ಕ ಹಾಕಬೇಕು. ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅದಕ್ಕೆ ಇದು ದೊಡ್ಡ ಕೆಲಸವೇನಲ್ಲ. ಈ ಗಿಡ್ಡ ಕುದುರೆಯನ್ನು ಯಾವ ದೊಡ್ಡ ಫಾರ್ಮೂ ಸಾಕುವುದಿಲ್ಲ. ರೇಸಿಗೆ ಬರುವುದಿಲ್ಲ, ಶೋಕಿಗೆ ಬರುವುದಿಲ್ಲ. ಉಳಿದರೆ ಕುರಿಗಾರನ ಹತ್ತಿರ, ಕಾಕಾನಂಥವರ ಹತ್ತಿರವೇ ಉಳಿಯಬೇಕು. ಅವರು ಸೋತರೆ ತಳಿಯೂ ಮುಗಿಯಿತು.

ತೆರಿಗೆ ಪುಸ್ತಕದಲ್ಲೂ ಕುದುರೆ ರೈತನ ಪ್ರಾಣಿ ಅಲ್ಲ. ಆಕಳು, ಎಮ್ಮೆ, ಕುರಿ, ಮೇಕೆಗೆ ಜಿಎಸ್‌ಟಿ ಇಲ್ಲ. ಕುದುರೆಗೆ ಶೇ 12 ಇತ್ತು, 2025ರ ಸೆಪ್ಟೆಂಬರಿನಿಂದ ಶೇ 5 ಆಗಿದೆ. ಇಳಿದದ್ದು ಒಳ್ಳೆಯದು. ಆದರೆ ಕುರಿಗಾರನ ಹೇರು ಕುದುರೆಯನ್ನೂ ರೇಸ್ ಕುದುರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮನಸ್ಸು ಹಾಗೇ ಇದೆ.

ಮಾಡಬೇಕಾದದ್ದು ಏನು

ಸರ್ಕಾರಕ್ಕೆ ನನ್ನ ಕೇಳಿಕೆ ನಾಲ್ಕು. ಒಂದು, ಕುದುರೆ ಹೆಚ್ಚಿರುವ ಪ್ರತಿ ಜಿಲ್ಲೆಯಲ್ಲಿ ಇಬ್ಬರು ಪಶುವೈದ್ಯರಿಗಾದರೂ ಕುದುರೆ ಚಿಕಿತ್ಸೆಯಲ್ಲಿ ತರಬೇತಿ ಕೊಟ್ಟು, ಅವರ ನಂಬರನ್ನು 1962ಕ್ಕೆ ಜೋಡಿಸಬೇಕು. ರಾತ್ರಿ ಮೂರು ಗಂಟೆಗೆ ಫೋನಿನಲ್ಲಿ "ಮಾಸು ಬಿದ್ದಿಲ್ಲವೇ, ಕಾಯಬೇಡಿ" ಎಂದು ಹೇಳುವವರೊಬ್ಬರು ಇದ್ದರೂ ಕಾಕಾ ಅವರ ಕುದುರೆ ಇವತ್ತು ನಡೆಯುತ್ತಿತ್ತು. ಎರಡು, ಒಂದೊಂದು ಜಿಲ್ಲೆಗೆ ಒಂದೆರಡು ಒಳ್ಳೆಯ, ರೋಗಪರೀಕ್ಷೆ ಆದ ಬೀಜದ ಕುದುರೆಯನ್ನು ಸರ್ಕಾರವೇ ಇಡಬೇಕು. ವೀರ್ಯ ಕೇಂದ್ರ ಮತ್ತು ತಳಿ ಸಂವರ್ಧನೆಗೆಂದು ಇದೇ ಮಿಷನ್‌ನಲ್ಲಿ 10 ಕೋಟಿ ರೂಪಾಯಿ ಕೊಡಲು ಅವಕಾಶ ಇದೆ, ರಾಜ್ಯ ಕೇಳಿ ತರಬೇಕು. ಮೂರು, ಗ್ಲಾಂಡರ್ಸ್ ಪರಿಹಾರವನ್ನು ಕುದುರೆಯ ನಿಜವಾದ ಬೆಲೆಗೆ ಹತ್ತಿರ ತರಬೇಕು. ನಾಲ್ಕು, ಭೀಮಾ ತೀರದ ಕುದುರೆಗಳ ಸಮೀಕ್ಷೆ ಆಗಬೇಕು.

ಕುದುರೆ ಸಾಕಬೇಕೆಂದಿರುವ ತಮ್ಮಂದಿರಿಗೆ, ತಂಗಿಯರಿಗೆ ಹೇಳುವುದು ಇಷ್ಟೇ. ಯೋಜನೆಯ ಮಾರ್ಗಸೂಚಿಯಲ್ಲಿ ಯಾವ ತಳಿಗೆ, ಎಷ್ಟು ಪ್ರಾಣಿಗೆ ಸಬ್ಸಿಡಿ ಎಂದು ಓದಿಯೇ ಅರ್ಜಿ ಹಾಕಿ. ಮೊದಲು ಒಂದೇ ಹೆಣ್ಣು ಕುದುರೆ ತನ್ನಿ. ಕೊಳ್ಳುವ ಮೊದಲು ಗ್ಲಾಂಡರ್ಸ್ ರಕ್ತ ಪರೀಕ್ಷೆಯ ವರದಿ ಕೇಳಿ, ಇಲ್ಲವೆಂದರೆ ಎಷ್ಟೇ ಅಗ್ಗವಾದರೂ ಬಿಡಿ. ಹೊಸ ಕುದುರೆಯನ್ನು ಮೂರು ವಾರ ಬೇರೆ ಕಡೆ ಕಟ್ಟಿ. ಕುದುರೆ ತಿಳಿದ ಡಾಕ್ಟರು ಎಷ್ಟು ಕಿಲೋಮೀಟರು ದೂರ, ಲಾಳ ಕಟ್ಟುವವರು ಎಲ್ಲಿದ್ದಾರೆ, ಬೀಜದ ಕುದುರೆ ಯಾರದು, ಈ ಮೂರು ಉತ್ತರ ಕೈಯಲ್ಲಿಟ್ಟುಕೊಂಡೇ ಮುಂದುವರಿಯಿರಿ. ನಾಲ್ಕು ವರ್ಷ ಆದಾಯ ಬಾರದಿದ್ದರೂ ಮನೆ ನಡೆಯುತ್ತದೆಯೇ ಎಂದು ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ನಡೆಯುವುದಿಲ್ಲ ಎಂದರೆ ಆ ಮೆಸೇಜು ಅಳಿಸಿಬಿಡಿ, ಅದರಲ್ಲಿ ನಾಚಿಕೆಯೇನಿಲ್ಲ. ನಡೆಯುತ್ತದೆ ಎಂದರೆ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ, ನಮ್ಮ ಊರಲ್ಲಿ ಕುದುರೆ ಇವೆ, ಕುದುರೆ ತಿಳಿದ ಡಾಕ್ಟರು ಬೇಕು ಎಂದು ಬರವಣಿಗೆಯಲ್ಲಿ ಅರ್ಜಿ ಕೊಡಿ. ಗ್ರಾಮಸಭೆಯಲ್ಲೂ ಹೇಳಿ, ನಡಾವಳಿಯಲ್ಲಿ ಬರೆಸಿ. ಸಬ್ಸಿಡಿ ಕೇಳುವ ಕೈಗಳು ಎಷ್ಟೋ ಇವೆ. ಡಾಕ್ಟರನ್ನು ಕೇಳುವ ಕೈಗಳು ಹೆಚ್ಚಾಗಬೇಕು.